ಹಗ್ಗದ ಇನ್ನೊಂದು ತುದಿ

ನನಗೆ ಹದಿನಾರು ತುಂಬಿದ ಚಳಿಗಾಲ
ಪಟ್ಟಿಯಲ್ಲಿ ನನ್ನ ಹೆಸರು ಬಂತು.
ಕುಲದ ನೆಲ ಕಂಪನಿಗೆ ಹೋಗಿತ್ತು, ಗಂಡಸರಿಗೆಲ್ಲ ಪಾಲು.
ಮೀಸೆ ಮೂಡುವ ಮುಂಚೆ ಸಹಿ ಮೂಡಿತು ನನಗೆ.
ಆ ದುಡ್ಡಲ್ಲಿ ಕೆಂಪು ಮೋಟಾರ್‌ಸೈಕಲ್ ಕೊಂಡು
ಸೆಬೂ ನದಿಯ ಏರಿಯುದ್ದಕ್ಕೂ
ಕೊಕ್ಕರೆಗಳನ್ನು ಎಬ್ಬಿಸುತ್ತ ಓಡಿಸಿದೆ.

ತಾಮೂ ಅತ್ತೆಯ ಹೆಸರು ಇರಲಿಲ್ಲ.
ಅವಳಿಗೆ ಐವತ್ತೆಂಟು.
ಗೋಧಿ ಕೊಯ್ಯುವಾಗ ಕುಡುಗೋಲು ತಿಂದ
ಅವಳ ಕಿರುಬೆರಳ ತುದಿ
ಆ ನೆಲದಲ್ಲೇ ಎಲ್ಲೋ ಹೂತಿದೆ.
"ಕಂಪನಿಯವರು ಅದನ್ನೂ ಸೇರಿಸಿ ಕೊಂಡರೇನೋ?"
ಎಂದು ನಗುತ್ತಿದ್ದಳು ರೊಟ್ಟಿ ತಟ್ಟುತ್ತ.
ನಾನೂ ನಕ್ಕೆ.
ಅಮ್ಮನಿಲ್ಲದ ನನಗೆ ಮೇಕೆಹಾಲು ಕುಡಿಸಿದ್ದು
ಅದೇ ಮೊಂಡು ಬೆರಳನ್ನು ಅದ್ದಿ ಅದ್ದಿ.

ಕೊಟ್ಟ ಹೆಣ್ಣು ಕುಲಕ್ಕೆ ಹೊರಗು, ಎಂದರು ಹಿರಿಯರು.
ಕೊಟ್ಟಿದ್ದು ನಿಜ.
ಎರಡೇ ವರ್ಷಕ್ಕೆ ಅವರು ವಾಪಸ್ಸು ಕೊಟ್ಟಿದ್ದೂ ನಿಜ:
ಒಂದು ಹಿತ್ತಾಳೆ ತಟ್ಟೆ, ನಾಲ್ಕು ಮಡಿಕೆಯ ತಲಾಖಿನ ಕಾಗದ.
ತವರು ಅವಳನ್ನು ಒಳಕ್ಕೆ ತೆಗೆದುಕೊಂಡಿತು,
ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಒಂದು ಶುಕ್ರವಾರ, ನಮಾಜು ಮುಗಿದ ಹೊತ್ತು,
ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳ ನಡುವೆ ನಿಂತು
ಫಕೀಹರನ್ನು ಕೇಳಿಯೇಬಿಟ್ಟಳು:
"ಹೆಂಗಸರ ಹೆಸರಿನದೇ ಒಂದು ಸೂರಾ ಇದೆಯಲ್ಲ,
ಹೆತ್ತವರು ಬಿಟ್ಟಿದ್ದರಲ್ಲಿ ಹೆಣ್ಣಿಗೂ ಪಾಲುಂಟು,
ಕಡಿಮೆಯಿರಲಿ ಹೆಚ್ಚಿರಲಿ ಅಂತ.
ಅದನ್ನು ನಮ್ಮ ದುವಾರಿನಲ್ಲಿ ಓದುವುದಿಲ್ಲವೇ?"

ಫಕೀಹರು ಒಳ್ಳೆಯವರು. ಗಂಟಲು ಸರಿಮಾಡಿಕೊಂಡರು.
"ಅದು ಸ್ವಂತ ಆಸ್ತಿಗೆ, ತಾಮೂ.
ಇದು ಕುಲದ ನೆಲ. ಯಾರೊಬ್ಬರದ್ದೂ ಅಲ್ಲ."

"ಯಾರದ್ದೂ ಅಲ್ಲದ್ದನ್ನು ಇವನು ಹೇಗೆ ಮಾರಿದ?"

ನನ್ನ ಮೋಟಾರ್‌ಸೈಕಲ್ಲಿನ ಕಡೆ ನೆಟ್ಟಗೆ
ತುದಿಯಿಲ್ಲದ ಆ ಬೆರಳು.

ಆಮೇಲೆ ಅವರು ಗುಂಪಾದರು.
ಮೀನು ಮಾರುವ ಇಜ್ಜಾ,
ತಗಡಿನ ಗುಡಿಸಲಿಗೆ ಬಿದ್ದ ರ‍್ಕಿಯಾ ಮತ್ತು ಅವಳ ಕುಂಟ ಅಕ್ಕ,
ಹೆಸರು ನನಗೆ ತಿಳಿಯದ ಇನ್ನೆಷ್ಟೋ ಮಂದಿ.
ಬೆಳಗಿನ ಬಸ್ಸಿಗೆ ರಬಾತ್. ಸಂಸತ್ತಿನೆದುರ ಕಲ್ಲುಹಾಸು.
ಬುತ್ತಿಗೆ ಆಲಿವು, ಒಣಗಿದ ರೊಟ್ಟಿ.
"ಮನೆಯ ಮಾನ ಬಸ್ಸು ಹತ್ತಿತು" ಎಂದ ನನ್ನಪ್ಪ ಬೂಶ್ತಾ
ತಂಗಿಯ ಜೊತೆ ಮಾತು ಬಿಟ್ಟ.
ಅವಳು ಮಾಡಿದ ಸಾರು ಮಾತ್ರ ಬಿಡಲಿಲ್ಲ.

ಹನ್ನೊಂದು ವರ್ಷ.
ಮೋಟಾರ್‌ಸೈಕಲ್ ಬಿಡಿಭಾಗದ ಬೆಲೆಗೆ ಹೋಯಿತು.
ನಾವು ಮಾರಿದ ಗೋಧಿಹೊಲದ ಮೇಲೆ
ಬಿಳಿ ಬಂಗಲೆಗಳೆದ್ದವು,
ಗೇಟಿನಲ್ಲಿ ಸೀಟಿ ಹಿಡಿದು ಕೂತ ಕಾವಲುಗಾರ ನಾನೇ.
ಬರುವ ಕಾರಿಗೆಲ್ಲ ಸಲಾಂ.

ಪಟ್ಟಿ ಬಂತು ಕೊನೆಗೆ, ಕಾಯಿದರ ಕಚೇರಿಯ ಗೋಡೆಗೆ.
ಇನ್ನೂರ ಹದಿನಾಲ್ಕು: ತಾಮೂ ಬಿಂತ್ ಲ್ಹಾಶ್ಮಿ.
ನನ್ನಿಂದ ಮೂರು ಸಲ ಓದಿಸಿದಳು.
ಕುಣಿಯಲಿಲ್ಲ, ಅಳಲಿಲ್ಲ.
"ಹುಟ್ಟಿದ ವರ್ಷ ತಪ್ಪು ಬರೆದಿದ್ದಾರೆ" ಎಂದಳು.

ಸಿಕ್ಕಿದ್ದು ಖಬರಸ್ತಾನದ ಹಿಂದಿನ ಪಟ್ಟೆ ನೆಲ,
ಕಲ್ಲು, ಮುಳ್ಳು, ನೀಲಗಿರಿಯ ಬೇರು.
ಇಜ್ಜಾ ಅಷ್ಟರಲ್ಲಿ ಆಚೆ ಬದಿಯಲ್ಲಿ ಮಲಗಿದ್ದಳು,
ಹೆಸರು ಗೋಡೆಗೆ ಬರುವ ಎರಡು ತಿಂಗಳು ಮುಂಚೆ.

ಸರ್ವೆಯವರು ಅಳೆದು ಹೋದ ಮೇಲೂ
ಅತ್ತೆ ಮೇಕೆಯ ಹಗ್ಗ ತಂದಳು,
ಮೊಳಕ್ಕೊಂದು ಗಂಟು ಹಾಕಿ.
"ಇಜ್ಜಾಳ ತಲೆಯ ಕಡೆಯಿಂದ ಶುರು ಮಾಡೋಣ. ಹಿಡಿ."

ಹಿಡಿದೆ.
ಅರವತ್ತೊಂಬತ್ತರ ಕಾಲು ಕಲ್ಲು ದಾಟುತ್ತ, ಎಣಿಸುತ್ತ,
ಮುಳ್ಳಿಗೆ ಸಿಕ್ಕ ಸೆರಗನ್ನು ಬೈಯುತ್ತ
ದೂರ ಹೋಯಿತು.

ಅಲ್ಲಿಂದ ಕೂಗಿದಳು:
"ಬಿಗಿಯಾಗಿ ಹಿಡಿಯೋ ಅಯ್ಯಾದ್,
ಜೋತು ಬೀಳುತ್ತಿರುವುದು ನಿನ್ನ ಕಡೆ!"